ಎಲ್ಲಾ ಜಾಲಿಯೂ ಒಂದೇ ಅಲ್ಲ

ಇವತ್ತು ರಾಜಕೀಯ ಬೇಡ, ಒಂದು ಮುಳ್ಳುಮರದ ಬಗ್ಗೆ ಮಾತಾಡೋಣ.

ಮೊನ್ನೆ ಚಳ್ಳಕೆರೆಯಿಂದ ಮೊಳಕಾಲ್ಮುರು ಕಡೆ ಹೋಗುವಾಗ ಒಂದು ಕೆರೆ ಏರಿ ಮೇಲೆ ಕಾರು ನಿಲ್ಲಿಸಿದೆ. ಅಂಗಳದಲ್ಲಿ ಜೆಸಿಬಿ ಹೂಳೆತ್ತುತ್ತಿತ್ತು, ಜಾಲಿ ಬುಡಸಮೇತ ಉರುಳುತ್ತಿತ್ತು. ಒಳ್ಳೇದೇ ಆಯ್ತು ಅಂದುಕೊಂಡೆ. ಪಕ್ಕದಲ್ಲಿ ಕುರಿ ಕಾಯುತ್ತಿದ್ದ ಅಜ್ಜ ಮಾತ್ರ ತಲೆ ಅಲ್ಲಾಡಿಸಿದರು. "ಕರಿಜಾಲೀನೂ ಕಿತ್ತಾಕ್ತಿದಾರಲ್ಲ ಸ್ವಾಮಿ, ನೇಗಿಲಿಗೆ ಆಗೋ ಮರ ಅದು."

ಅವರ ಮಾತಿನಲ್ಲಿ ದೊಡ್ಡ ಪಾಠವಿತ್ತು. ಬಳ್ಳಾರಿ ಜಾಲಿ ಹೆಸರಿಗಷ್ಟೇ ಬಳ್ಳಾರಿಯದ್ದು, ಹುಟ್ಟೂರು ಅಮೆರಿಕ ಖಂಡ. 19ನೇ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂತು. ಕುರಿ, ಮೇಕೆ ಕಾಯಿ ತಿಂತಾವೆ, ಹಿಕ್ಕೆಯಲ್ಲಿ ಬೀಜ ಊರೆಲ್ಲ ಹರಡುತ್ತೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತೆ. ಕೆರೆ ನಾಲ್ಕು ವರ್ಷ ಒಣಗಿದರೆ ಅಂಗಳ ಪೂರ್ತಿ ಅದರದ್ದೇ. ಬಡವರ ಒಲೆಗೆ ಸೌದೆ ಕೊಟ್ಟಿದೆ, ನಿಜ. ಆದರೆ ಕೆರೆಯನ್ನು ನುಂಗಿದೆ.

ಕರಿಜಾಲಿ ಈ ಮಣ್ಣಿನದೇ ಮರ. ತಿಂಗಳುಗಟ್ಟಲೆ ನೀರಲ್ಲಿ ನಿಂತರೂ ಸಾಯಲ್ಲ. ಸುತ್ತ ನೀರು, ಮೇಲೆ ಮುಳ್ಳು. ನಾಯಿ, ನರಿ ಹತ್ತಿರ ಬರೋದು ಕಷ್ಟ, ಹಕ್ಕಿಗೆ ಅದಕ್ಕಿಂತ ಭದ್ರವಾದ ಮನೆ ಎಲ್ಲಿದೆ? ಹಿಕ್ಕೆ ನೀರಿಗೆ ಬಿದ್ದರೆ ಪಾಚಿ ಬೆಳೆಯುತ್ತೆ, ಪಾಚಿಯಿಂದ ಹುಳು, ಹುಳುವಿನಿಂದ ಮೀನು. ಅದೇ ನೀರು ತೂಬಿನಿಂದ ಗದ್ದೆಗೆ ಹೋದರೆ ಅರ್ಧ ಗೊಬ್ಬರ ಹೋದಂಗೆ.

ಕಥೆ ಹೇಳ್ತಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ನೋಡಿ. ಅದೂ ನಮ್ಮಂಥದ್ದೇ ಬಯಲುಸೀಮೆಯ ಕೆರೆ, 98.76 ಹೆಕ್ಟೇರ್. ನೀರಲ್ಲಿ ನಿಂತ ಕರಿಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆ, ಬಾಯ್ಕಳಕ, ನೀರುಕಾಗೆಗಳ ಸಂಸಾರ. 2024ರಲ್ಲಿ ಅದಕ್ಕೆ ರಾಮ್ಸರ್ ಮಾನ್ಯತೆ, ಅಂದರೆ ಜಾಗತಿಕ ಮಹತ್ವದ ಜೌಗುಪ್ರದೇಶ ಅನ್ನೋ ಗೌರವ ಸಿಕ್ಕಿತು. ರಾಜಸ್ಥಾನದ ಭರತ್‌ಪುರದಲ್ಲೂ ಹಕ್ಕಿಗಳು ಗೂಡು ಕಟ್ಟೋದು ಇದೇ ಮರದ ಮೇಲೆ.

ತಪ್ಪು ನಮ್ಮದೂ ಇದೆ. 'ಕೆರೆ ತುಂಬಾ ಗಿಡಗಂಟಿ, ಅಧಿಕಾರಿಗಳು ನಿದ್ದೆ' ಅಂತ ಇದೇ ಕುರ್ಚಿಯಲ್ಲಿ ಕೂತು ನಾನೇ ಕೂಗಿದ್ದೇನೆ. ಯಾವ ಗಿಡ ಅಂತ ಒಂದು ದಿನವೂ ಕೇಳಲಿಲ್ಲ.

ಹೂಳು ತೆಗೀಲೇಬೇಕು. ಮಳೆ ಇಷ್ಟು ಕಡಿಮೆ ಇರೋ ಸೀಮೆಯಲ್ಲಿ ಪ್ರತಿ ಹನಿಗೂ ಜಾಗ ಬೇಕು. ಆದರೆ ಯಂತ್ರ ಇಳಿಯೋ ಮುಂಚೆ ಊರಿನ ಇಬ್ಬರು ಹಿರಿಯರನ್ನು ಕರೆದುಕೊಂಡು ಹೋಗಿ, ಉಳಿಸೋ ಮರಕ್ಕೆ ಸುಣ್ಣದ ಗುರುತು ಹಾಕಿ. ಬಳ್ಳಾರಿ ಜಾಲಿಯನ್ನು ಬೇರುಸಹಿತ ತೆಗೀರಿ. ಗೂಡಲ್ಲಿ ಮರಿ ಇರೋ ಕಾಲದಲ್ಲಿ ಕೆಲಸ ನಿಲ್ಲಿಸಿ. ಒಂದು ಡಬ್ಬಿ ಸುಣ್ಣದ ಖರ್ಚು, ಅಷ್ಟೇ.

ನಾವು ವಾಪಸ್ ಬರೋವಾಗ ಸಂಜೆಯಾಗಿತ್ತು. ಉರುಳಿದ ಮರದ ಮೇಲೆ ಎರಡು ಬೆಳ್ಳಕ್ಕಿ ಸುತ್ತು ಹಾಕುತ್ತಿದ್ದವು. ಕೂರೋಕೆ ಕೊಂಬೆ ಇರಲಿಲ್ಲ.