ಬೆನ್ನ ಮೇಲಿನ ಸಹಿ



 ಬ್ಯಾಂಕಿನ ಗುಮಾಸ್ತನಾದ ನಾನು ಭಾಷಣಕಾರನಲ್ಲ. ನನ್ನದೊಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳಲು ನಿಂತಿದ್ದೇನೆ.

2019ರ ಲೋಕಸಭಾ ಚುನಾವಣೆಯ ಸಮಯ. ಇಲ್ಲಿ ಪುಣೆಯಲ್ಲೇ ಮನೆ ಬದಲಿಸಿದ್ದ ನನ್ನ ಅಕ್ಕನ ಹೆಸರು ಮತದಾರರ ಪಟ್ಟಿಯಲ್ಲಿದೆಯೋ ಇಲ್ಲವೋ ತಿಳಿಯದು. ಆಗ ವಾಟ್ಸ್‌ಆ್ಯಪಿನಲ್ಲಿ ಸಂದೇಶವೊಂದು ಬಂದಿತು: ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಆಧಾರ್ ತೋರಿಸಿ 'ಚಾಲೆಂಜ್ ವೋಟ್' ಹಾಕಬಹುದಂತೆ! ಓದಿದೊಡನೆ ಅಕ್ಕನಿಗೆ ಕಳಿಸಿದೆ. ಅವಳು ಅದನ್ನೇ ನಂಬಿ, ಪಟ್ಟಿ ನೋಡದೆ, ಮತದಾನದ ದಿನ ಬಿಸಿಲಿನಲ್ಲಿ ಸರದಿ ನಿಂತು, ಮತ ಹಾಕದೆ ಹಿಂದಿರುಗಿದಳು. "ನೀ ಬ್ಯಾಂಕಿನಾಗ ಇರಾಂವ, ವಿಚಾರಿಸೇ ಕಳಿಸಿರ್ತಿ ಅಂತ ತಿಳಕೊಂಡಿದ್ದೆಪ್ಪಾ" ಎಂದಳು.

ನಿಜವೇನೆಂದರೆ, ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಮತವಿಲ್ಲ. ಚಾಲೆಂಜ್ ಎಂಬುದು ಮತಗಟ್ಟೆಯ ಏಜೆಂಟನು 2 ರೂಪಾಯಿ ಠೇವಣಿಯಿಟ್ಟು, ಬಂದವರ ಗುರುತನ್ನು ಪ್ರಶ್ನಿಸುವ ಕ್ರಮ.

ಸುಳ್ಳನ್ನು ತಡೆಯಲು ಕಾನೂನಿಲ್ಲವೇ? ಉಂಟು. ಎದುರಾಳಿಯ ಶೀಲದ ಬಗ್ಗೆ ಅಭ್ಯರ್ಥಿಯು ತಿಳಿದೂ ಸುಳ್ಳು ಪ್ರಕಟಿಸುವುದು 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯಂತೆ ಭ್ರಷ್ಟ ಆಚರಣೆ. ಆದರೆ ಆ ದಾವೆ ನಡೆಯುವುದು ಫಲಿತಾಂಶದ ನಂತರ. ಸುಳ್ಳು ಗಮನಕ್ಕೆ ಬಂದ 3 ಗಂಟೆಯೊಳಗೆ ತೆಗೆದುಹಾಕಬೇಕೆಂದು ಚುನಾವಣಾ ಆಯೋಗವು 2024ರ ಮೇ ತಿಂಗಳಲ್ಲಿ ಪಕ್ಷಗಳಿಗೆ ಸೂಚಿಸಿತು. ಅಷ್ಟರಲ್ಲಿ ಸುಳ್ಳು ಎಷ್ಟು ಊರು ಸುತ್ತಿರುತ್ತದೆಯೋ!

ಹಾಗಾದರೆ ಸತ್ಯಾಸತ್ಯವನ್ನು ಸರಕಾರವೇ ತೀರ್ಮಾನಿಸಲೇ? ತನ್ನ ವ್ಯವಹಾರಗಳ ಬಗೆಗಿನ ಸುದ್ದಿಯನ್ನು ತಾನೇ ಪರೀಕ್ಷಿಸಲು ಕೇಂದ್ರ ಸರಕಾರ 2023ರಲ್ಲಿ ಮಾಡಿದ ನಿಯಮವನ್ನು ಮುಂಬಯಿ ಹೈಕೋರ್ಟು 2024ರಲ್ಲಿ ರದ್ದುಪಡಿಸಿತು. ಉಚಿತವೇ ಆಯಿತು. ಚುನಾವಣೆಯಲ್ಲಿ ಆಳುವ ಪಕ್ಷವೂ ಒಂದು ಕಕ್ಷಿಯಷ್ಟೆ. ಆದುದರಿಂದ ಈ ತೀರ್ಮಾನ ಸರಕಾರದ ಹೊರಗಿರಲಿ, ಬೇಗನೆ ಆಗಲಿ. ಹಣ ತೆತ್ತು ಸುದ್ದಿ ಹಬ್ಬಿಸುವವರ ಹೆಸರು ಬಯಲಾಗಲಿ.

ಆದರೂ ಅಕ್ಕನಿಗೆ ಸುಳ್ಳು ಮುಟ್ಟಿಸಿದವನು ನಾನೇ ಅಲ್ಲವೇ? ಚೆಕ್ಕಿನ ಬೆನ್ನಿಗೆ ಸಹಿ ಹಾಕಿ ಇನ್ನೊಬ್ಬರಿಗೆ ದಾಟಿಸಿದವನು, ಬರೆದವನು ನಾನಲ್ಲವೆಂದು ಹೊಣೆ ಕಳೆದುಕೊಳ್ಳಲಾರ. ಸಂದೇಶಕ್ಕೂ ಅದೇ ನ್ಯಾಯ. ಅಕ್ಕ ನಂಬಿದ್ದು ಆ ಸುದ್ದಿಯನ್ನಲ್ಲ, ನನ್ನನ್ನು.

ಬಾಡಿಗೆ ಮನೆ ಬದಲಿಸುತ್ತಲೇ ಇರುವ ನಮ್ಮಂಥವರ ಹೆಸರು ಪಟ್ಟಿಯಿಂದ ಜಾರುವುದು ಸುಲಭ. ಚುನಾವಣೆಗೆ ಸಾಕಷ್ಟು ಮುಂಚೆ ಒಂದು ಭಾನುವಾರ, ಎಲ್ಲರ ಹೆಸರನ್ನೂ ಪಟ್ಟಿಯಲ್ಲಿ ನೋಡಿಕೊಡುವ ಏರ್ಪಾಡನ್ನು ಸಂಘದಲ್ಲಿ ಮಾಡಬೇಕೆಂದು ನನ್ನ ಅರಿಕೆ. ಮೇಜಿನ ಬಳಿ ನಾನು ಕುಳಿತುಕೊಳ್ಳುವೆನು. ಅಕ್ಕನ ಹೆಸರು ಈಗ ಪಟ್ಟಿಯಲ್ಲಿದೆ. ಈ ಸಲ ನೋಡಿಯೇ ಹೇಳುತ್ತಿದ್ದೇನೆ.