ಮಂಡಿಯ ಬೆಲೆ, ನಂಜಿನ ಬೆಲೆ

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿಯುದ್ದಕ್ಕೂ ಮಗ್ಗದ ಮುಂದೆ ನಿಲ್ಲುವವರಿಗೂ, ದಿನವೆಲ್ಲ ಅಂಗಡಿಯಲ್ಲಿ ಮೂಟೆ ಎತ್ತಿಳಿಸುವವರಿಗೂ ವಯಸ್ಸಾದಂತೆ ಮಂಡಿ ಸವೆಯುತ್ತದೆ. ಸವೆದ ಮಂಡಿಗೆ ಲೋಹದ ಕೀಲು ಕೂರಿಸುವ ಶಸ್ತ್ರಚಿಕಿತ್ಸೆ ಒಳ್ಳೆಯದೇ. ಮೂಲೆ ಹಿಡಿದು ಕೂತವರನ್ನು ಅದು ನಡೆಸಿದೆ. ಅದನ್ನು ಬೇಡವೆನ್ನಲು ನಾವು ಬಂದಿಲ್ಲ. ಅದರ ಬೆಲೆಪಟ್ಟಿಯಲ್ಲಿ ಕಾಣದಿರುವ ಒಂದು ಬಾಬ್ತನ್ನು ತಿಳಿಸಲು ಬಂದಿದ್ದೇವೆ. ಅದು ನಂಜು.

ಮೊದಲ ಸಲ ಕೀಲು ಹಾಕಿಸಿಕೊಂಡ ನೂರು ಮಂದಿಯಲ್ಲಿ ಒಬ್ಬಿಬ್ಬರಿಗೆ ಒಳಗೆ ನಂಜಾಗುತ್ತದೆ. ಮಾಂಸದಲ್ಲಿ ರಕ್ತ ಹರಿಯುವುದರಿಂದ ಔಷಧ ತಲುಪುತ್ತದೆ, ಲೋಹದಲ್ಲಿ ರಕ್ತವೆಲ್ಲಿ? ಕೆರೆಯ ಕಲ್ಲಿಗೆ ಪಾಚಿ ಕಟ್ಟಿದಂತೆ ರೋಗಾಣುಗಳು ಅದರ ಮೇಲೆ ಲೋಳೆಯ ಪೊರೆ ಕಟ್ಟಿದರೆ ಮಾತ್ರೆ, ಸೂಜಿಮದ್ದು ನಾಟುವುದಿಲ್ಲ. ಮೊದಲ ಕೆಲವು ವಾರಗಳಲ್ಲಿಯೇ ಪತ್ತೆಯಾದರೆ ತೊಳೆದು ಕೀಲನ್ನು ಉಳಿಸಬಹುದು. ತಡವಾದರೆ ಅನೇಕರಿಗೆ ಕೀಲನ್ನೇ ಕಿತ್ತು, ಔಷಧ ಬೆರೆಸಿದ ಸಿಮೆಂಟು ತುಂಬಿ, ಸುಮಾರು ಆರು ವಾರ ಮದ್ದು ಕೊಟ್ಟು, ಬಳಿಕ ಹೊಸ ಕೀಲು ಕೂರಿಸಬೇಕಾಗುತ್ತದೆ. ಒಂದರ ಜಾಗದಲ್ಲಿ ಮೂರು ಶಸ್ತ್ರಚಿಕಿತ್ಸೆ!

ಈಗ ಲೆಕ್ಕ ನೋಡೋಣ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಮಂಡಿಕೀಲುಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಹೆಚ್ಚಾಗಿ ಬಳಸುವ ಕೀಲಿಗೆ ತೆರಿಗೆ ಬಿಟ್ಟು 54,720 ರೂಪಾಯಿ. ಎರಡನೆಯ ಸಲ ಹಾಕುವ ಕೀಲಿಗೆ 1,13,950 ರೂಪಾಯಿ. ಎಂದರೆ ಇಮ್ಮಡಿಗೂ ಮೇಲು. ಇದು ಲೋಹದ ಬೆಲೆ ಮಾತ್ರ. ಹಾಸಿಗೆ, ಮದ್ದು, ಜೊತೆಗಿರುವವರ ಊಟ, ಹೋದ ಕೂಲಿ ಇವೆಲ್ಲ ಬೇರೆ. ಇ.ಎಸ್.ಐ. ಚಂದಾದಾರನಿಗೆ ಕಾಯಿಲೆಯ ಭತ್ಯ ಸಾಮಾನ್ಯವಾಗಿ ವರ್ಷಕ್ಕೆ 91 ದಿನ, ಅದೂ ಕೂಲಿಯ ನೂರಕ್ಕೆ 70ರಷ್ಟು. ಮೂರು ಸಲ ಮಲಗಿ ಎದ್ದವನಿಗೆ ಅದು ಸಾಲುವುದೇ? ಬಾಗಿಲು ಮುಚ್ಚಿದ ಸಣ್ಣ ಅಂಗಡಿಗೆ ಅದೂ ಇಲ್ಲ.

ಈ ನಂಜು ಹಣೆಬರಹವಲ್ಲ. ಇಂಗ್ಲೆಂಡಿನ ಹತ್ತಿಗಿರಣಿಗಳ ಸೀಮೆ ಲ್ಯಾಂಕಷೈರಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿ ಎಂಬ ವೈದ್ಯರು 1960ರ ದಶಕದಲ್ಲಿ ಸೊಂಟದ ಕೀಲು ಬದಲಿಸತೊಡಗಿದಾಗ ನೂರಕ್ಕೆ ಏಳಕ್ಕೂ ಹೆಚ್ಚು ಮಂದಿಗೆ ನಂಜಾಗುತ್ತಿತ್ತು. ಅವರು ಅದನ್ನು ಮುಚ್ಚಿಡಲಿಲ್ಲ, ಎಣಿಸಿದರು, ಬರೆದಿಟ್ಟರು. ಗಿರಣಿಗಳ ಧೂಳು ತೆಗೆಯುವುದರಲ್ಲಿ ಪಳಗಿದ್ದ ಹೊವರ್ತ್ ಕಂಪನಿಯನ್ನು ಕರೆಸಿ ಶುದ್ಧಗಾಳಿಯ ಕೋಣೆ ಮಾಡಿಸಿದರು. 1970ರ ಹೊತ್ತಿಗೆ ನಂಜು ನೂರಕ್ಕೆ ಒಂದಕ್ಕಿಂತ ಕೆಳಗಿಳಿಯಿತು.

ಹಾಗಾದರೆ ಅಂಥ ಯಂತ್ರವಿಲ್ಲದೆ ಆಗದೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕೀಲು ಬದಲಾವಣೆಗೆ ಅಂಥ ದುಬಾರಿ ಗಾಳಿಯಂತ್ರವನ್ನು ಬಳಸಬೇಕಿಲ್ಲವೆಂದು 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಸೂಚಿಸಿದೆ. ಅದು ಒತ್ತಿ ಹೇಳಿರುವುದು ಅಗ್ಗದ ಸಂಗತಿಗಳನ್ನು: ಕೈಯನ್ನು ಸರಿಯಾಗಿ ತೊಳೆಯುವುದು, ಕತ್ತರಿಸುವ ಮೊದಲಿನ ಎರಡು ಗಂಟೆಯೊಳಗೆ ನಂಜುನಿರೋಧಕ ಔಷಧ ಕೊಡುವುದು, ಕ್ಷೌರದ ಕತ್ತಿಯಿಂದ ಕೂದಲು ಬೋಳಿಸದಿರುವುದು, ರೋಗಿಗೆ ಮೊದಲೇ ಸ್ನಾನ ಮಾಡಿಸುವುದು. ನಮ್ಮ ಪಾಲಿನ ಕೆಲಸವೂ ಉಂಟು. ಸಕ್ಕರೆ ಕಾಯಿಲೆಯನ್ನು ಹದ್ದಿನಲ್ಲಿಡಬೇಕು, ಬೀಡಿ ಬಿಡಬೇಕು, ಮೈಯಲ್ಲಿ ಹುಣ್ಣು ಕೀವು ಇದ್ದರೆ ಮೊದಲು ವಾಸಿಮಾಡಿಕೊಳ್ಳಬೇಕು. ಶಸ್ತ್ರಚಿಕಿತ್ಸೆಯ ಬಳಿಕ ಗಾಯ ಒಸರಿದರೆ, ಕೆಂಪಾಗಿ ಬಿಸಿಯಾದರೆ, ನೋವು ಇಳಿಯದೆ ಏರಿದರೆ, ಅಂದೇ ವೈದ್ಯರ ಬಳಿಗೆ ಹೋಗಬೇಕು.

ಮಿತ್ರರೇ, ತಕ್ಕಡಿಯ ಕಲ್ಲಿಗೆ ಸರ್ಕಾರದ ಮುದ್ರೆ ಬೇಕು. ಗಿರಣಿಯಲ್ಲಿ ಅಪಘಾತವಾದರೆ ದಾಖಲೆ ಬೇಕು. ಆಸ್ಪತ್ರೆಯ ನಂಜಿಗೆ ಮಾತ್ರ ಲೆಕ್ಕ ಬೇಡವೇ? ಕಳೆದ ವರ್ಷ ಎಷ್ಟು ಕೀಲು ಹಾಕಿದಿರಿ, ಎಷ್ಟಕ್ಕೆ ನಂಜಾಯಿತು, ನಂಜಾದರೆ ಮುಂದಿನ ಖರ್ಚು ಯಾರದು? ಈ ಮೂರು ಪ್ರಶ್ನೆಗಳನ್ನು ಮುಂಗಡ ಕಟ್ಟುವ ಮೊದಲೇ ಕೇಳಿರಿ. ಒಬ್ಬರು ಕೇಳಿದರೆ ಉತ್ತರ ಸಿಗದಿರಬಹುದು. ಸಂಘದ ಮೂಲಕ, ವರ್ತಕರ ಮಂಡಳಿಯ ಮೂಲಕ ಎಲ್ಲರೂ ಕೇಳೋಣ. ಲೆಕ್ಕವನ್ನು ಆಸ್ಪತ್ರೆಯ ಗೋಡೆಯ ಮೇಲೆ ಬರೆಯಿಸುವವರೆಗೆ ಕೇಳೋಣ.