ನಮ್ಮೂರ ಟಿಸಿ ಎಷ್ಟು ಬಿಸಿಲು ಹೊರಬಲ್ಲದು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಇದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮುಂದೆ ಬಿ.ಇ. ಓದಿ, ಈಗ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ವಿದ್ಯುತ್ ಜಾಲದ ಲೆಕ್ಕ ಹಾಕುವ ತಂತ್ರಾಂಶ ಬರೆಯುವುದು ನನ್ನ ಉದ್ಯೋಗ. ಊರಿಗೆ ಬಂದಾಗಲೆಲ್ಲ ಹಿರಿಯರು ಕೇಳುತ್ತಾರೆ, "ಏನಪ್ಪಾ, ನಾವೂ ಸೋಲಾರ್ ಹಾಕಿಸಬಹುದಾ?" ಹಾಕಿಸಬಹುದು. ಆದರೆ ಎಲ್ಲಿ, ಎಷ್ಟು ಎಂಬುದನ್ನು ಒಂದೊಂದು ಮನೆ ಬೇರೆ ಬೇರೆಯಾಗಿ ತೀರ್ಮಾನಿಸಿದರೆ ಸಾಲದು, ಊರು ಒಟ್ಟಾಗಿ ಕೂತು ಲೆಕ್ಕ ಹಾಕಬೇಕು. ಇವತ್ತು ಆ ಲೆಕ್ಕದ ಬಗ್ಗೆಯೇ ಮಾತಾಡುತ್ತೇನೆ.

1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ದಾರಿಯಲ್ಲಿದ್ದ ಊರುಗಳ ಮೇಲೆ ತಂತಿ ಹಾದುಹೋಯಿತೇ ಹೊರತು ಅಲ್ಲಿ ದೀಪ ಉರಿಯಲಿಲ್ಲ. ಬೆಂಗಳೂರಿನ ಬೀದಿಗೇ 1905ರಲ್ಲಿ ಬೆಳಕು ಬಂತು. ಅಂದಿನಿಂದ ಕರೆಂಟಿನ ದಾರಿ ಒಂದೇ ದಿಕ್ಕಿನದು. ಎಲ್ಲೋ ದೂರದಲ್ಲಿ ತಯಾರಾಗಿ, ಸಬ್‌ಸ್ಟೇಷನ್ನಿಗೆ ಬಂದು, 11 ಕೆವಿ ಲೈನಿನಲ್ಲಿ ಊರಿಗೆ ಹರಿದು, ಟಿಸಿಯಲ್ಲಿ ಇಳಿದು ನಮ್ಮ ಮನೆಗೆ, ಮೋಟಾರಿಗೆ ಸೇರುತ್ತದೆ. ನಮ್ಮ ತಂತಿಗಳ ದಪ್ಪ, ಟಿಸಿಗಳ ಅಳತೆ ಎಲ್ಲವೂ ಈ ಒಂದು ದಿಕ್ಕಿನ ಲೆಕ್ಕದಲ್ಲೇ ಆಗಿವೆ. ಸೂರಿನ ಮೇಲೆ ಸೋಲಾರ್ ಕೂತ ದಿನದಿಂದ ಮಾತ್ರ ಕರೆಂಟು ಮನೆಯಿಂದ ಲೈನಿಗೂ ಹರಿಯುತ್ತದೆ.

ಇದನ್ನು ಕಾಲುವೆಗೆ ಹೋಲಿಸಬಹುದು. ಕಾಲುವೆಯ ಕೊನೆಯ ಗದ್ದೆಗೆ ನೀರು ಕಡಿಮೆ. ಹಾಗೆಯೇ ಲೈನಿನ ಕೊನೆಯ ಮೋಟಾರಿಗೆ ವೋಲ್ಟೇಜ್ ಕಡಿಮೆ. ನಮ್ಮ ವಿಜ್ಞಾನದ ಮೇಷ್ಟ್ರು ಹತ್ತನೇ ತರಗತಿಯಲ್ಲಿ ಹೇಳಿಕೊಟ್ಟ ಓಮನ ನಿಯಮವೇ ಇದಕ್ಕೆ ಕಾರಣ. ತಂತಿ ಉದ್ದವಾದಷ್ಟೂ, ಹರಿಯುವ ಕರೆಂಟು ಹೆಚ್ಚಾದಷ್ಟೂ ದಾರಿಯಲ್ಲೇ ವೋಲ್ಟೇಜ್ ಬೀಳುತ್ತದೆ. ಲೈನಿನ ಕೊನೆಯಲ್ಲಿ ಸೋಲಾರ್ ಇದ್ದರೆ, ಮೋಟಾರುಗಳು ಓಡುವ ಹೊತ್ತಿನಲ್ಲಿ ಈ ಬೀಳುವಿಕೆ ತಗ್ಗುತ್ತದೆ, ದಾರಿಯಲ್ಲಿ ಪೋಲಾಗುವ ಕರೆಂಟೂ ಕಡಿಮೆಯಾಗುತ್ತದೆ. ಆದರೆ ಮಧ್ಯಾಹ್ನ ಯಾರೂ ಕರೆಂಟು ಬಳಸದಿದ್ದರೆ ಅದೇ ತುದಿಯಲ್ಲಿ ವೋಲ್ಟೇಜ್ ಏರುತ್ತದೆ. 230 ಇರಬೇಕಾದದ್ದು 253 ದಾಟಿದರೆ ಸೋಲಾರಿನ ಇನ್ವರ್ಟರ್ ತಾನಾಗಿಯೇ ನಿಲ್ಲುತ್ತದೆ. ಬಿಸಿಲು ಇದ್ದೂ ಪ್ರಯೋಜನವಿಲ್ಲ.

ಟಿಸಿಗೂ ಒಂದು ಮಿತಿ ಇದೆ. ನಮ್ಮ ಬೀದಿಯ ಟಿಸಿ 100 ಕೆವಿಎ ಎಂದುಕೊಳ್ಳಿ. ಒಂದು ಮನೆ 3 ಕಿಲೋವ್ಯಾಟ್ ಹಾಕಿದರೆ ಏನೂ ತೊಂದರೆಯಿಲ್ಲ. ನಲವತ್ತು ಮನೆ ಹಾಕಿದರೆ 120 ಕಿಲೋವ್ಯಾಟ್ ಆಗುತ್ತದೆ, ಅದು ಟಿಸಿ ಹೊರುವುದಕ್ಕಿಂತ ಹೆಚ್ಚು. ಮೊದಲು ಹಾಕಿಸುವವರು ಯಾರು? ಕೈಯಲ್ಲಿ ದುಡ್ಡಿರುವವರು. ಎಲ್ಲರಿಗೂ ಸೇರಿದ ಟಿಸಿಯಲ್ಲಿ ಅವರ ಪಾಲು ಮೊದಲೇ ತುಂಬಿಬಿಟ್ಟರೆ, ಹಿಂದೆ ಬರುವ ಬಡವನಿಗೆ "ಜಾಗವಿಲ್ಲ" ಎಂಬ ಉತ್ತರ ಸಿಗುತ್ತದೆ. ಹೀಗಾಗಿ ಇದು ನ್ಯಾಯದ ಲೆಕ್ಕವೂ ಹೌದು.

ಇನ್ನೊಂದು ಮಾತು ತಿಳಿದಿರಲಿ. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮ್ಯಾನ್ ಅಣ್ಣನ ಜೀವ ಉಳಿಯಲೆಂದೇ ಹಾಗೆ ಮಾಡಿದ್ದಾರೆ. "ಸೋಲಾರ್ ಹಾಕಿಸಿದರೆ ಕರೆಂಟು ಹೋಗುವುದೇ ಇಲ್ಲ" ಎಂದು ಯಾರಾದರೂ ಮಾರಲು ಬಂದರೆ ಬ್ಯಾಟರಿ ಇದೆಯೇ ಎಂದು ಕೇಳಿ.

ಹಾಗಾದರೆ ನಮ್ಮೂರಿಗೆ ಯಾವುದು ಸರಿ? 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ. ಆದರೆ ಗೃಹಜ್ಯೋತಿಯಿಂದ ಬಿಲ್ಲೇ ಬಾರದ ಮನೆಗೆ ಅದರ ಅವಸರವೇನೂ ಕಾಣುವುದಿಲ್ಲ. ನಮ್ಮೂರಿನ ದೊಡ್ಡ ಖರ್ಚು ಮನೆಯಲ್ಲಿಲ್ಲ, ಹೊಲದಲ್ಲಿದೆ. 5 ಎಚ್‌ಪಿ ಮೋಟಾರು ಎಂದರೆ 3.7 ಕಿಲೋವ್ಯಾಟ್, ಒಳನಷ್ಟ ಸೇರಿದರೆ ಲೈನಿನಿಂದ ಇನ್ನೂ ಹೆಚ್ಚು ಎಳೆಯುತ್ತದೆ. ರಾತ್ರಿ ಪಾಳಿಯ ತ್ರೀ ಫೇಸ್ ಬಂತೆಂದು ಟಾರ್ಚ್ ಹಿಡಿದು, ಹಾವು ಚೇಳಿನ ನಡುವೆ ನೀರು ಕಟ್ಟಲು ಹೋಗುವುದು ಎಷ್ಟು ಕಷ್ಟವೆಂದು ನಿಮಗೆ ನಾನು ಹೇಳಬೇಕಿಲ್ಲ.

2019ರ ಪಿಎಂ ಕುಸುಮ್ ಯೋಜನೆಯಲ್ಲಿ ಇದಕ್ಕೊಂದು ದಾರಿ ಇದೆ. ಸಬ್‌ಸ್ಟೇಷನ್ನಿನ ಹತ್ತಿರವೇ ಸಣ್ಣ ಸೋಲಾರ್ ಘಟಕ ಕಟ್ಟಿ, ಪಂಪ್‌ಸೆಟ್ ಫೀಡರಿಗೆ ಹಗಲಲ್ಲೇ ಕರೆಂಟು ಕೊಡುವುದು. ಪಾವಗಡದ 2,050 ಮೆಗಾವ್ಯಾಟಿನ ಪಾರ್ಕಿನ ಕರೆಂಟು ದೊಡ್ಡ ಲೈನ್ ಹತ್ತಿ ದೂರ ಹೋಗಬೇಕು. ಇಂಥ ಸಣ್ಣ ಘಟಕದ ಕರೆಂಟು ಇಲ್ಲಿಯೇ ಹುಟ್ಟಿ ಇಲ್ಲಿಯೇ ಖರ್ಚಾಗುತ್ತದೆ. ಬಿಸಿಲಿರುವ ಹೊತ್ತಿಗೇ ಮೋಟಾರು ಓಡುವುದರಿಂದ ಕೂಡಿಡುವ ಚಿಂತೆಯೂ ಕಡಿಮೆ.

ಆದರೆ ಎಷ್ಟು ದೊಡ್ಡ ಘಟಕ ಬೇಕು? ಕಂಪ್ಯೂಟರು ವರ್ಷದ 8,760 ಗಂಟೆಗಳನ್ನೂ ಒಂದೊಂದಾಗಿ ಲೆಕ್ಕ ಹಾಕಿ ಹೇಳುತ್ತದೆ. ಅದಕ್ಕೆ ಓಪನ್‌ಡಿಎಸ್‌ಎಸ್‌ನಂಥ ಉಚಿತ ತಂತ್ರಾಂಶಗಳೂ ಇವೆ. ಕೊಟ್ಟ ಅಂಕಿ ಸುಳ್ಳಾದರೆ ಉತ್ತರವೂ ಸುಳ್ಳು. ಒಂದು ಟಿಸಿಯ ಮೇಲೆ ಕಡತದಲ್ಲಿ ಹನ್ನೆರಡು ಮೋಟಾರಿದ್ದು ಹೊಲದಲ್ಲಿ ಹದಿನೆಂಟಿದ್ದರೆ, 5 ಎಚ್‌ಪಿ ಎಂದು ಬರೆಸಿ ಏಳೂವರೆ ಇಳಿಸಿದ್ದರೆ, ಯಾವ ಇಂಜಿನಿಯರ್ ಮಾಡಿದ ಯೋಜನೆಯೂ ನಿಲ್ಲುವುದಿಲ್ಲ. ಟಿಸಿ ಸುಟ್ಟಾಗ ಇಲಾಖೆಯನ್ನು ಬೈಯುತ್ತೇವೆ. ಬೈಯಬೇಕಾದ್ದಿದ್ದರೆ ಬೈಯೋಣ, ಜೊತೆಗೆ ನಮ್ಮ ಲೆಕ್ಕವನ್ನೂ ಸರಿಯಾಗಿ ಒಪ್ಪಿಸೋಣ.

ಅದಕ್ಕೇ ನನ್ನದೊಂದು ಕೋರಿಕೆ. ಈ ವರ್ಷ ಒಂಬತ್ತನೇ ತರಗತಿಯ ಮಕ್ಕಳು ಮೇಷ್ಟ್ರ ಜೊತೆ ಊರಿನ ವಿದ್ಯುತ್ ನಕ್ಷೆ ಬರೆಯಲಿ. ಯಾವ ಟಿಸಿ ಎಲ್ಲಿದೆ, ಎಷ್ಟು ಕೆವಿಎ, ಅದರ ಮೇಲೆ ಎಷ್ಟು ಮನೆ, ಎಷ್ಟು ಮೋಟಾರು, ಕೊನೆಯ ಮೋಟಾರು ಎಷ್ಟು ಕಂಬ ದೂರ. ಯಾರೂ ಟಿಸಿಯ ಹತ್ತಿರ ಹೋಗಬಾರದು, ಏನನ್ನೂ ಮುಟ್ಟಬಾರದು. ಟಿಸಿಯ ಅಳತೆಯನ್ನು ಲೈನ್‌ಮ್ಯಾನ್ ಅಣ್ಣನನ್ನು ಕೇಳಿದರೆ ಸಾಕು. ರೈತರು ಮಕ್ಕಳಿಗೆ ನಿಜ ಹೇಳಬೇಕು. ಆ ನಕ್ಷೆ ಗ್ರಾಮಸಭೆಯಲ್ಲಿ ಓದಿ ಒಪ್ಪಿಗೆಯಾಗಿ ಸೆಕ್ಷನ್ ಆಫೀಸಿಗೆ ಹೋಗಲಿ. ಕಂಪ್ಯೂಟರಿನ ಲೆಕ್ಕವನ್ನು ನಾನು ಮತ್ತು ನನ್ನ ಸ್ನೇಹಿತರು ಕೂತು ಮಾಡಿಕೊಡುತ್ತೇವೆ.

ಐವತ್ತು ವರ್ಷ ಈ ಶಾಲೆ ನಮಗೆ ಲೆಕ್ಕ ಕಲಿಸಿದೆ. ಊರಿನ ಲೆಕ್ಕ ಮಾಡುವ ಕೆಲಸ ಈಗ ನಮ್ಮೆಲ್ಲರದು.